ಗಂಟಲು ಕ್ಯಾನ್ಸರ್: ನುಂಗುವ ಶಕ್ತಿಯನ್ನು ನಾನು ಉಳಿಸಿಕೊಂಡ ಬಗೆ

ನನ್ನ ಗಡ್ಡೆ ಇದ್ದದ್ದು ಧ್ವನಿಪೆಟ್ಟಿಗೆಯ ಮೇಲ್ಭಾಗದಲ್ಲಿ. ಕತ್ತಿನ ದುಗ್ಧರಸ ಗ್ರಂಥಿಗೂ (ಲಿಂಫ್ ನೋಡ್) ಹರಡಿತ್ತು. ಧ್ವನಿತಂತುವಿನ ಮೇಲಷ್ಟೇ ಇರುವ ಚಿಕ್ಕ ಗಡ್ಡೆಗೆ ಸಾಮಾನ್ಯವಾಗಿ ಲೇಸರ್ ಸರ್ಜರಿ ಅಥವಾ ರೇಡಿಯೇಷನ್, ಯಾವುದಾದರೂ ಒಂದು ಸಾಕಾಗುತ್ತದೆ. ನನ್ನ ಮುಂದಿದ್ದ ದಾರಿಗಳೇ ಬೇರೆ: ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸುವುದು, ಇಲ್ಲವೇ ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಕೀಮೋ. ಧ್ವನಿಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಹಾಗಾಗಿ ಎರಡನೆಯದಕ್ಕೆ ಒಪ್ಪಿದೆ. ಅದು ಆಗಲೇ ಹಾಳಾಗಿದ್ದರೆ ಸರ್ಜರಿಯನ್ನೇ ಆರಿಸುತ್ತಿದ್ದೆ. ಧ್ವನಿಗಿಂತ ಜೀವ ದೊಡ್ಡದು ಅಲ್ವಾ?

ಮೊದಲು ಹಲ್ಲು ತೋರಿಸಿಕೊಂಡೆ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೇ ಹೋಗಬಹುದು.

ರೇಡಿಯೇಷನ್ ವಾರಕ್ಕೆ 5 ದಿನದಂತೆ 7 ವಾರ, ಒಟ್ಟು 70 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಪ್ರಮಾಣದ ಅಳತೆ). ಶುರುವಿನಲ್ಲಿ ಏನೂ ಅನಿಸಲಿಲ್ಲ. ಆಮೇಲೆ ಬಾಯಿ ತುಂಬ ಹುಣ್ಣು, ಅಂಟಂಟಾದ ಕಫ. ಎಂಜಲು ನುಂಗಿದರೂ ಉರಿ. ನುಂಗುವುದನ್ನು ನಿಲ್ಲಿಸಿಬಿಡಬೇಕು ಅನಿಸುತ್ತದೆ. ನಿಲ್ಲಿಸಬಾರದು. ಕೆಲಸವಿಲ್ಲದ ಗಂಟಲಿನ ಸ್ನಾಯುಗಳು ಸೊರಗುತ್ತವೆ, ರೇಡಿಯೇಷನ್ ಅವನ್ನು ಬಿಗಿಯಾಗಿಸುತ್ತದೆ. ನೋವಿನ ಔಷಧಿಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳುತ್ತಿದ್ದೆ. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳನ್ನು ಮೊದಲ ವಾರದಿಂದಲೇ ಮಾಡಿದೆ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆಲ್ಲಗೆ ಹಿಡಿದು ಎಂಜಲು ನುಂಗುವುದು, ಪೂರ್ತಿ ಬಲ ಹಾಕಿ ನುಂಗುವುದು, ಬಾಯಿಯನ್ನು ಅಗಲವಾಗಿ ತೆರೆದು ಹಿಡಿಯುವುದು. ಬಾಯಿ ಮೂರು ಬೆರಳು ಹಿಡಿಸುವಷ್ಟು ತೆರೆಯುತ್ತಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ.

ತೂಕ ಇಳಿದಾಗ ಆಹಾರ ಕೊಡಲು ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಅದು ಸೋಲಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಳಿಕೆ ಇದ್ದಾಗಲೂ ಗುಟುಕು ಗುಟುಕಾಗಿ ನೀರು ನುಂಗುತ್ತಲೇ ಇದ್ದೆ. ಆದರೆ ನುಂಗುವಾಗ ಕೆಮ್ಮು ಬಂದರೆ, ದನಿ ಒದ್ದೆಯಾದಂತೆ ಕೇಳಿಸಿದರೆ ತಕ್ಷಣ ನಿಲ್ಲಿಸಿ ಥೆರಪಿಸ್ಟ್‌ಗೆ ತಿಳಿಸಿ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಕೊನೆಯ ರೇಡಿಯೇಷನ್ ಆದ ಮೇಲೂ ಒಂದೆರಡು ವಾರ ಉರಿ ಜಾಸ್ತಿಯೇ ಆಗುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ಸುಮ್ನೆ ಗಾಬರಿಯಾಗುತ್ತಾರೆ. ಮೂರು ತಿಂಗಳಿಗೆ ಪೆಟ್ ಸ್ಕ್ಯಾನ್ ಮಾಡಿದರು, ಗಡ್ಡೆ ಕಾಣಲಿಲ್ಲ.

ಈಗ ಊಟ ನಿಧಾನ, ಬಾಯಿ ಒಣಗುತ್ತದೆ, ನೀರಿನ ಬಾಟಲಿ ಜೊತೆಗೇ ಇರುತ್ತದೆ. ಕತ್ತಿಗೆ ರೇಡಿಯೇಷನ್ ಬಿದ್ದರೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಬಹುದು, ಅದಕ್ಕೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಗಂಟಲು ವರ್ಷಗಳ ನಂತರವೂ ಬಿಗಿಯಬಹುದು, ಆದ್ದರಿಂದ ವ್ಯಾಯಾಮ ಇವತ್ತಿಗೂ ಬಿಟ್ಟಿಲ್ಲ.