ಮಗು ನಿಮ್ಮ ಮಾತನ್ನೇ ತಿರುಗಿ ಹೇಳುತ್ತಿದೆಯೇ? ಅದರ ಅರ್ಥ ಹುಡುಕುವುದು ಹೀಗೆ

ಮುಹೂರ್ತದ ಹೊತ್ತು. ಗಟ್ಟಿಮೇಳ ಶುರುವಾದದ್ದೇ ತಡ, ನಾಲ್ಕೂವರೆ ವರ್ಷದ ನನ್ನ ಮಗ ಎರಡೂ ಕಿವಿ ಮುಚ್ಚಿಕೊಂಡು ‘ಬಾಗಿಲು ತೆಗೀತಾರೆ, ಸ್ವಲ್ಪ ತಡಿ ಕಂದ’ ಎನ್ನತೊಡಗಿದ. ಒಂದೆರಡು ಸಲ ಹೇಳಿ ಸುಮ್ಮನಾಗಲಿಲ್ಲ. ಮೂವತ್ತು, ನಲವತ್ತು ಸಲ, ಒಂದೇ ರಾಗದಲ್ಲಿ. ಪಕ್ಕದಲ್ಲಿದ್ದ ದೊಡ್ಡಮ್ಮ ‘ಯಾವ ಬಾಗಿಲೋ ಮರಿ, ಛತ್ರದ ಬಾಗಿಲೆಲ್ಲ ತೆಗೆದೇ ಇದ್ಯಲ್ಲೋ’ ಎಂದು ತಲೆ ಸವರಿದರು. ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಅವನನ್ನು ಎತ್ತಿಕೊಂಡು ಹೊರಗೆ ಓಡಿದೆ. ಅವನು ಏನು ಹೇಳುತ್ತಿದ್ದಾನೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಹೆತ್ತ ನನಗೂ ತಿಳಿಯಲಿಲ್ಲ.

ತಿಳಿದದ್ದು ಎರಡು ತಿಂಗಳಾದ ಮೇಲೆ, ನೂರು ಪುಟದ ಒಂದು ನೋಟ್‌ಬುಕ್ಕಿನಿಂದ. ಆ ನೋಟ್‌ಬುಕ್ ಬರೆಯುವುದು ಹೇಗೆ, ಬರೆದ ಮೇಲೆ ಏನು ಮಾಡುವುದು ಎಂದು ಹೇಳುವುದಕ್ಕೇ ಈ ಲೇಖನ.

ಕೇಳಿದ ಮಾತನ್ನು ಇದ್ದಹಾಗೇ ತಿರುಗಿ ಹೇಳುವುದಕ್ಕೆ ಎಕೋಲೇಲಿಯಾ ಎಂದು ಹೆಸರು. ಮಾತು ಕಲಿಯುವ ಹೆಚ್ಚಿನ ಮಕ್ಕಳು ಎರಡು ವರ್ಷದ ಆಸುಪಾಸಿನಲ್ಲಿ ಇದನ್ನು ಮಾಡುತ್ತವೆ, ಆಮೇಲೆ ಬಿಡುತ್ತವೆ. ನನ್ನ ಮಗನಂತೆ ಆಟಿಸಂ (ಮಾತು, ಒಡನಾಟದ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ, ಮಾತು ಬಂದಿರುವ ಮಕ್ಕಳಲ್ಲಿ ಇದು ಹೆಚ್ಚಾಗಿಯೂ ಬಹುಕಾಲವೂ ಉಳಿಯುತ್ತದೆ. ಈಗತಾನೇ ಕೇಳಿದ್ದನ್ನು ಹೇಳುವುದು ಒಂದು ಬಗೆ. ಗಂಟೆ, ದಿನ, ವರ್ಷಗಳ ಹಿಂದೆ ಕೇಳಿದ್ದನ್ನು ಹೇಳುವುದು ಇನ್ನೊಂದು. ಮನೆಯಲ್ಲಿ ಎರಡಕ್ಕೂ ನಾವು ‘ಗಿಳಿಪಾಠ’ ಅಂದುಬಿಡುತ್ತೇವೆ. ಆ ಪದವೇ ನಮ್ಮ ದಾರಿ ತಪ್ಪಿಸುತ್ತದೆ.

ಮೊದಲ ಹೆಜ್ಜೆ: ತಡೆಯಬೇಡಿ

ನಾವು ಮೊದಲು ಹೋಗುತ್ತಿದ್ದ ಒಂದು ಥೆರಪಿ ಸೆಂಟರಿನಲ್ಲಿ, ಮಗ ತಿರುಗಿ ಹೇಳಿದಾಗಲೆಲ್ಲ ತುಟಿಯ ಮೇಲೆ ಬೆರಳಿಟ್ಟು ‘ಕಾಪಿ ಮಾಡಬಾರದು’ ಎನ್ನಬೇಕೆಂದು ಹೇಳಿಕೊಟ್ಟಿದ್ದರು. ಏಳು ತಿಂಗಳು ಹಾಗೇ ಮಾಡಿದೆವು. ಫಲ ಇಷ್ಟೇ: ಅವನು ‘ಕಾಪಿ ಮಾಡಬಾರದು’ ಎಂಬುದನ್ನೂ ಕಲಿತು, ತನ್ನ ತುಟಿಯ ಮೇಲೆ ತಾನೇ ಬೆರಳಿಟ್ಟುಕೊಳ್ಳತೊಡಗಿದ. ಅದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ.

ಹೀಗೆ ತಡೆಯುವ ಪದ್ಧತಿ ಒಂದು ಕಾಲದಲ್ಲಿ ಬಹಳ ಕಡೆ ಇತ್ತು. ತಿರುಗಿ ಹೇಳುವುದೆಂದರೆ ಅರ್ಥವಿಲ್ಲದ ನಡವಳಿಕೆ, ಬಿಡಿಸಬೇಕಾದ ಚಾಳಿ ಎಂದು ತಜ್ಞರೇ ನಂಬಿದ್ದರು. 1981ರಲ್ಲಿ ಅಮೆರಿಕದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡೂಕನ್ ಎಂಬ ಸಂಶೋಧಕರು ಆಟಿಸಂ ಇರುವ ನಾಲ್ಕು ಮಕ್ಕಳನ್ನು ಮನೆಯಲ್ಲೂ ಶಾಲೆಯಲ್ಲೂ ವಿಡಿಯೊ ಮಾಡಿ, ಅವರು ಆ ಕ್ಷಣವೇ ತಿರುಗಿ ಹೇಳಿದ 1,009 ಮಾತುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಮಾತನ್ನು ಮಾತ್ರವಲ್ಲ, ಹೇಳುವಾಗ ಮಗು ಎತ್ತ ನೋಡುತ್ತಿತ್ತು, ಕೈ ಎಲ್ಲಿತ್ತು, ಸ್ವರ ಹೇಗಿತ್ತು, ಹೇಳಿದ ಮೇಲೆ ಏನು ಮಾಡಿತು ಎಂಬುದನ್ನೂ ನೋಡಿದರು. ಏಳು ಬಗೆಗಳು ಸಿಕ್ಕವು. ಸರದಿ ಬಂತೆಂದು ಮಾತಿಗೆ ಮಾತು ಸೇರಿಸುವುದು. ವಸ್ತುವನ್ನು ತೋರಿಸಿ ಹೆಸರಿಸುವುದು. ‘ಹೂಂ’ ಎನ್ನುವುದಕ್ಕೆ ಬದಲಾಗಿ ಹೇಳುವುದು. ಬೇಕೆಂದು ಕೇಳುವುದು. ಉತ್ತರ ಕೊಡುವ ಮುಂಚೆ ಒಳಗೊಳಗೇ ಹೇಳಿಕೊಂಡು ನೋಡುವುದು. ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳಲು ಹೇಳಿಕೊಳ್ಳುವುದು. ಏಳನೆಯದಕ್ಕೆ ಮಾತ್ರ ಯಾವ ಉದ್ದೇಶವೂ ಕಾಣಲಿಲ್ಲ. ಮಕ್ಕಳು ನಾಲ್ಕೇ, ನಿಜ. ಆದರೆ ತಡೆಯುವ ಮುಂಚೆ ಕೇಳಿಸಿಕೊಳ್ಳಬೇಕು ಎಂಬುದಕ್ಕೆ ಅಷ್ಟು ಸಾಕಾಗಿತ್ತು.

ಎರಡನೆಯದು: ನೋಟ್‌ಬುಕ್

ಪುಟವನ್ನು ನಾಲ್ಕು ಪಾಲು ಮಾಡಿ. ಏನು ಹೇಳಿದ, ಯಾವಾಗ ಮತ್ತು ಎಲ್ಲಿ, ಅದಕ್ಕೆ ಒಂದು ನಿಮಿಷ ಮುಂಚೆ ಏನಾಯಿತು, ಈ ಮಾತನ್ನು ಮೊದಲು ಹೇಳಿದವರು ಯಾರು. ಪೆನ್ನಿಗೆ ದಾರ ಕಟ್ಟಿ ಅಡುಗೆಮನೆಯಲ್ಲಿ ತೂಗುಹಾಕಿ. ಮೊಬೈಲಿನಲ್ಲಿ ಬರೆದುಕೊಂಡರೆ ನೀವೊಬ್ಬರೇ ಓದುತ್ತೀರಿ. ಗೋಡೆಯ ಮೇಲಿದ್ದರೆ ಮನೆಯವರೆಲ್ಲ ಓದುತ್ತಾರೆ, ಅದು ಬಹಳ ಮುಖ್ಯ. ಮಗು ಹೇಳಿದ್ದನ್ನು ವ್ಯಾಕರಣ ತಿದ್ದದೆ, ಅದರ ಬಾಯಲ್ಲಿ ಬಂದಹಾಗೇ ಬರೆಯಿರಿ. ಮಗುವಿನ ಮೈ ಹೇಗಿತ್ತೆಂದು ಒಂದೆರಡು ಪದ ಸೇರಿಸಿ.

ನನ್ನ ನೋಟ್‌ಬುಕ್ಕಿನಿಂದ ಮೂರು ಸಾಲು:

ಮಂಗಳವಾರ ಸಂಜೆ, ಅಡುಗೆಮನೆ. ಮಿಕ್ಸಿ ಹಾಕಿದೆ. ‘ಬಾಗಿಲು ತೆಗೀತಾರೆ, ಸ್ವಲ್ಪ ತಡಿ ಕಂದ.’ ಕಿವಿ ಮುಚ್ಚಿದ್ದ.

ಶುಕ್ರವಾರ ರಾತ್ರಿ. ಕರೆಂಟು ಹೋಯಿತು. ಅದೇ ಮಾತು. ನನ್ನ ಸೆರಗು ಹಿಡಿದಿದ್ದ.

ಭಾನುವಾರ, ಕಟಿಂಗ್ ಶಾಪ್. ಮೆಷಿನ್ ಕಿವಿಯ ಹತ್ತಿರ ಬಂತು. ಅದೇ ಮಾತು. ಕಾಲು ಝಾಡಿಸಿದ.

ನಾಲ್ಕನೆಯ ಪಾಲು ಮೂರು ಕಡೆಯೂ ಖಾಲಿ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅತ್ತೆ ಕನ್ನಡಕ ಏರಿಸಿ ಓದುತ್ತ ನಿಂತವರು, ‘ಇದು ನನ್ನ ಮಾತು ಕಣೇ’ ಅಂದರು. ಹಿಂದಿನ ವರ್ಷ ಅವರಿಬ್ಬರೂ ಇದ್ದ ಲಿಫ್ಟ್ ಕರೆಂಟು ಹೋಗಿ ಎರಡು ಮಹಡಿಗಳ ನಡುವೆ ನಿಂತಿತ್ತು. ಕತ್ತಲೆಯಲ್ಲಿ ಮೊಮ್ಮಗನನ್ನು ಎದೆಗೊತ್ತಿಕೊಂಡು, ಬಾಗಿಲು ತೆರೆಯುವತನಕ ಅವರು ಹೇಳುತ್ತಿದ್ದದ್ದು ಇದೊಂದೇ ಮಾತು. ಅವನ ಮಟ್ಟಿಗೆ ಆ ಮಾತಿನ ಅರ್ಥ ‘ನನಗೆ ಭಯವಾಗಿದೆ, ಹಿಡಿದುಕೋ’. ಛತ್ರದಲ್ಲಿ ಅದನ್ನೇ ನಲವತ್ತು ಸಲ ಹೇಳಿದ್ದ.

ಇಂಥದನ್ನು ಮೊದಲು ಬರೆದಿಟ್ಟವರು ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್. 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಆಟಿಸಂ ಬಗ್ಗೆ ಬರೆದವರು ಅವರೇ. 1946ರ ಅವರ ಇನ್ನೊಂದು ಲೇಖನದಲ್ಲಿ ಒಬ್ಬ ಹುಡುಗನ ಪ್ರಸಂಗವಿದೆ. ಏನನ್ನಾದರೂ ಎಸೆಯಬೇಕೆನ್ನಿಸಿದಾಗಲೆಲ್ಲ ಅವನು ‘ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ’ ಎನ್ನುತ್ತಿದ್ದ. ಎದುರಿಗೆ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ವಿಚಾರಿಸಿದರೆ, ಮೂರು ವರ್ಷ ಹಿಂದೆ ಲಂಡನ್ನಿನ ಹೋಟೆಲೊಂದರ ಬಾಲ್ಕನಿಯಿಂದ ಆಟಿಕೆಯ ನಾಯಿಯನ್ನು ಪದೇಪದೇ ಎಸೆದಿದ್ದಾಗ ತಾಯಿ ಬೇಸತ್ತು ಹೇಳಿದ್ದ ಮಾತು ಅದು. ಈಗ ಅವನು ಅದೇ ಮಾತಿನಿಂದ ತನ್ನ ಕೈಯನ್ನು ತಾನೇ ತಡೆದುಕೊಳ್ಳುತ್ತಿದ್ದ.

ಮೂರನೆಯದು: ಪದಕ್ಕಲ್ಲ, ಅರ್ಥಕ್ಕೆ ಉತ್ತರ ಕೊಡಿ

ಅರ್ಥ ಸಿಕ್ಕ ದಿನದಿಂದ ನಾವು ‘ಯಾವ ಬಾಗಿಲು?’ ಎಂದು ಕೇಳುವುದನ್ನು ಬಿಟ್ಟೆವು. ಅವನು ಹಾಗೆಂದಾಗ ಹತ್ತಿರ ಹೋಗಿ, ತಬ್ಬಿಕೊಂಡು, ‘ಭಯ ಆಯ್ತು. ಹೊರಗೆ ಹೋಗೋಣ’ ಎಂದು ನಿಧಾನವಾಗಿ ಹೇಳಿ, ನಿಜವಾಗಿಯೂ ಹೊರಗೆ ಕರೆದುಕೊಂಡು ಹೋಗುತ್ತಿದ್ದೆವು. ‘ಹೇಳು, ಭಯ ಆಯ್ತು ಅಂತ ಹೇಳು’ ಎಂದು ಒತ್ತಾಯಿಸಲಿಲ್ಲ. ಸುಮಾರು ಎಂಟು ತಿಂಗಳ ಮೇಲೆ, ಪಟಾಕಿಯ ಸದ್ದಿಗೆ, ‘ಬಾಗಿಲು ತೆಗೀತಾರೆ, ಹೊರಗೆ ಹೋಗೋಣ’ ಅಂದ. ಅರ್ಧ ಅಜ್ಜಿಯದು, ಅರ್ಧ ನನ್ನದು. ಎರಡನ್ನೂ ಕೂಡಿಸಿದ್ದು ಅವನದು.

ಅರ್ಥ ಸಿಗದಿದ್ದಾಗ? ತಲೆಯಾಡಿಸಿ, ಅವನ ಸ್ವರದಲ್ಲೇ ಒಮ್ಮೆ ಹೇಳಿ. ಕೇಳಿಸಿತು ಎಂದು ಮಗುವಿಗೆ ಗೊತ್ತಾದರೂ ಸಾಕು.

ಇಲ್ಲಿ ಒಂದು ಮಾತು. ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ತಿಳಿಯುವುದಿಲ್ಲ ಎಂದು ಬಹಳ ಕಡೆ ಓದಿರುತ್ತೀರಿ. 1985ರಲ್ಲಿ ಸೈಮನ್ ಬ್ಯಾರನ್‌-ಕೋಹೆನ್, ಆ್ಯಲನ್ ಲೆಸ್ಲಿ, ಯೂಟಾ ಫ್ರಿತ್ ಎಂಬ ಸಂಶೋಧಕರು ಲಂಡನ್ನಿನಲ್ಲಿ ಎರಡು ಗೊಂಬೆಗಳನ್ನಿಟ್ಟು ಒಂದು ಪರೀಕ್ಷೆ ಮಾಡಿದ್ದರು. ಒಂದು ಗೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋದಮೇಲೆ ಇನ್ನೊಂದು ಅದನ್ನು ಪೆಟ್ಟಿಗೆಗೆ ಹಾಕುತ್ತದೆ. ಮೊದಲನೆಯದು ವಾಪಸು ಬಂದು ಎಲ್ಲಿ ಹುಡುಕುತ್ತದೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಅದು ಇಟ್ಟುಹೋದ ಬುಟ್ಟಿಯನ್ನಲ್ಲ, ಗೋಲಿ ಈಗಿರುವ ಪೆಟ್ಟಿಗೆಯನ್ನು ತೋರಿಸಿದರು. ಈ ಮಾತು ಬಲವಾಗಿ ಹಬ್ಬಿದ್ದು ಅಲ್ಲಿಂದ. ಆದರೆ 2012ರಲ್ಲಿ, ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ ಪ್ರಶ್ನೆಯನ್ನೇ ತಿರುಗಿಸಿದರು. ತಿಳಿಯದಿರುವುದು ಎರಡೂ ಕಡೆಗೆ ಇದೆ, ಆಟಿಸಂ ಇಲ್ಲದವರಿಗೂ ಆಟಿಸಂ ಇರುವವರ ಮನಸ್ಸು ತಿಳಿಯುವುದಿಲ್ಲ, ಕೊರತೆಯನ್ನು ಒಬ್ಬರ ತಲೆಗೇ ಕಟ್ಟಬೇಡಿ ಎಂದರು. ಛತ್ರದಲ್ಲಿ ಅವತ್ತು ಯಾರಿಗೆ ಯಾರ ಮನಸ್ಸು ತಿಳಿಯಲಿಲ್ಲ ಎಂದು ಯೋಚಿಸಿದರೆ, ನಾನು ಮಿಲ್ಟನ್ ಕಡೆಗೇ ನಿಲ್ಲುತ್ತೇನೆ.

ನಾಲ್ಕನೆಯದು: ನಮ್ಮ ಮಾತನ್ನು ಬದಲಿಸಿಕೊಳ್ಳುವುದು

ಕಷ್ಟದ ಹೆಜ್ಜೆ ಇದು, ಏಕೆಂದರೆ ಬದಲಾಗಬೇಕಾದವರು ನಾವು. ‘ಹಾಲು ಬೇಕಾ?’ ಎಂದು ಕೇಳುತ್ತೀರಿ, ಮಗು ‘ಹಾಲು ಬೇಕಾ?’ ಎನ್ನುತ್ತದೆ. ಅಜ್ಜಿ ಹೊರಟಾಗ ‘ಟಾಟಾ ಮಾಡು’ ಎನ್ನುತ್ತೀರಿ, ಕೈಬೀಸುತ್ತ ಮಗುವೂ ‘ಟಾಟಾ ಮಾಡು’ ಎನ್ನುತ್ತದೆ. ಮಗು ಮಾತನ್ನು ಇಡಿಯಾಗಿ ಎತ್ತಿಕೊಳ್ಳುತ್ತದೆ, ಪ್ರಶ್ನೆಯ ಬಾಲದ ಸಮೇತ. ಹಾಗಾಗಿ ಅದರ ಬಾಯಲ್ಲಿ ಬಂದರೆ ಸರಿಹೊಂದುವ ಮಾತನ್ನೇ ನಾವು ಆಡಬೇಕು. ಹಾಲಿನ ಲೋಟ ತೋರಿಸಿ ‘ಹಾಲು ಬೇಕು’ ಎನ್ನಿ. ಅಜ್ಜಿಗೆ ನೀವೇ ಕೈಬೀಸಿ ‘ಟಾಟಾ ಅಜ್ಜಿ’ ಎನ್ನಿ.

ಇದರಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ‘ಬರ್ತೀನಿ’, ‘ಬರ್ತೀಯ’, ‘ಬರ್ತಾನೆ’ಗಳಲ್ಲಿ ಬರುವವರು ನಾನೋ, ನೀನೋ, ಅವನೋ ಎಂಬುದು ಕ್ರಿಯಾಪದದ ಕೊನೆಯಲ್ಲೇ ಅಂಟಿಕೊಂಡಿದೆ. ನಾನು-ನೀನು ಅದಲುಬದಲಾಗುವ ಮಗು ಅಲ್ಲಿ ಎಡವುತ್ತದೆ. ಆದರೆ ಬೇಕು, ಬೇಡ, ಸಾಕು, ಆಯ್ತು, ಇದೆ, ಇಲ್ಲ, ಹೋಗೋಣ, ಆಡೋಣ? ಯಾರು ಆಡಿದರೂ ಇವು ಬದಲಾಗುವುದಿಲ್ಲ. ನಿಮ್ಮ ಬಾಯಲ್ಲಿ ಹೇಗೋ ಮಗುವಿನ ಬಾಯಲ್ಲೂ ಹಾಗೇ ಸರಿ. ದಿನದ ಮಾತೆಲ್ಲ ಕೆಲವು ತಿಂಗಳು ಈ ಪದಗಳ ಮೇಲೇ ನಡೆಯಲಿ. ‘ಊಟ ಆಯ್ತು. ಸಾಕು. ಕೈ ತೊಳೆಯೋಣ. ನೀರು ಇಲ್ಲ, ನಲ್ಲಿ ತಿರುಗಿಸೋಣ.’

ಹೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಆ ಹತ್ತು ಎಣಿಕೆ ನನಗೆ ಒಂದು ಯುಗದಂತೆ ಅನ್ನಿಸುತ್ತಿತ್ತು. ನನ್ನ ಗಂಡ ಮೊಬೈಲಿನಲ್ಲಿ ಐದು ನಿಮಿಷ ವಿಡಿಯೊ ಮಾಡಿ ತೋರಿಸಿದಾಗಲೇ ಗೊತ್ತಾದದ್ದು: ಮಗು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಾನು ಮುಂದಿನ ಪ್ರಶ್ನೆ ಕೇಳಿಬಿಟ್ಟಿರುತ್ತಿದ್ದೆ. ವಾರಕ್ಕೊಮ್ಮೆ ನೀವೂ ಹೀಗೆ ವಿಡಿಯೊ ಮಾಡಿ ನೋಡಿ. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಆಟಿಸಂ ಇದ್ದ 65 ಮಕ್ಕಳ ಕುಟುಂಬಗಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ತಿರುಳೂ ಇದೇ. ಅಲ್ಲಿ ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಆಟದ ವಿಡಿಯೊವನ್ನು ತಂದೆತಾಯಿಯೊಂದಿಗೆ ಕೂತು ನೋಡಿ ಮಾತಾಡುತ್ತಿದ್ದರು. ತಂದೆತಾಯಿ ಮಗುವಿನ ಗಮನವನ್ನು ಹಿಂಬಾಲಿಸಿ ಮಾತಾಡುವುದು ಹೆಚ್ಚಿತು, ಮಗು ತಾನಾಗಿ ಮಾತಿಗೆ ಬರುವುದೂ ಹೆಚ್ಚಿತು.

‘ಹೌದು’ ಕಲಿಸುವಾಗ ಒಂದು ಎಚ್ಚರ. ಕ್ಯಾನರ್ ಬರೆದ ಮೊದಲ ಮಗು ಡೊನಾಲ್ಡ್‌ನಿಗೆ ಅವನ ತಂದೆ ‘ಹೌದು ಅಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ’ ಎಂದು ಆಸೆ ತೋರಿಸಿ ಕಲಿಸಿದರು. ಹುಡುಗ ಕಲಿತ. ಆದರೆ ತಿಂಗಳುಗಟ್ಟಲೆ ಅವನ ‘ಹೌದು’ವಿಗೆ ಹೆಗಲೇರುವ ಆಸೆಯೊಂದೇ ಅರ್ಥವಾಗಿತ್ತು. ಒಂದು ಪದವನ್ನು ಒಂದೇ ಬಹುಮಾನಕ್ಕೆ ಕಟ್ಟಿಹಾಕಬೇಡಿ. ಊಟಕ್ಕೂ, ಆಟಕ್ಕೂ, ಸ್ನಾನಕ್ಕೂ, ಎಲ್ಲ ಕಡೆಯೂ ‘ಹೂಂ’ ಓಡಾಡಲಿ.

ಮನೆಯ ಭಾಷೆ ಬಿಡಬೇಡಿ

ನಮಗೂ ಒಬ್ಬರು ಹೇಳಿದ್ದರು: ಎರಡು ಭಾಷೆಯಾದರೆ ಗೊಂದಲ, ಇಂಗ್ಲಿಷ್ ಒಂದೇ ಇರಲಿ ಎಂದು. ಅತ್ತೆಗೆ ಇಂಗ್ಲಿಷ್ ಬಾರದು. ಆ ಮೂರು ತಿಂಗಳು ಅವರು ಮೊಮ್ಮಗನ ಹತ್ತಿರ ಮಾತೇ ಆಡಲಿಲ್ಲ. ಕೆನಡಾದಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬೋನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಯ ನಡುವೆ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆ ಕೇಳಿ ಬೆಳೆದವರಿಗಿಂತ ಮಾತಿನಲ್ಲಿ ಹೆಚ್ಚಿಗೆ ಹಿಂದುಳಿದಿರಲಿಲ್ಲ. ಲಿಫ್ಟಿನ ಕತ್ತಲೆಯಲ್ಲಿ ಅವನಿಗೆ ಸಿಕ್ಕಿದ್ದು ಅಜ್ಜಿಯ ಕನ್ನಡ. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗಿದೆ?

ಬೇಕಾದ್ದನ್ನು ತೋರಿಸಿ ಹೇಳಲು ಚಿತ್ರದ ಕಾರ್ಡು, ಟ್ಯಾಬ್ಲೆಟ್ಟಿನ ಆ್ಯಪ್ ಕೊಟ್ಟರೆ ಮಾತು ನಿಂತುಹೋಗುತ್ತದೆ ಎಂಬ ಭಯವನ್ನೂ ಬಿಡಿ. ಅದರಿಂದ ಮಾತು ಕುಗ್ಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕೆಲವು ಮಕ್ಕಳಲ್ಲಿ ಸ್ವಲ್ಪ ಹೆಚ್ಚಿದ್ದೂ ಇದೆ.

ತಜ್ಞರ ಬಳಿ ಹೋಗುವಾಗ

ಮಗು ತಿರುಗಿ ಹೇಳಿತು ಎಂದಮಾತ್ರಕ್ಕೆ ಆಟಿಸಂ ಎಂದು ನೀವೇ ತೀರ್ಮಾನಿಸಬೇಡಿ. ಮೂರು ವರ್ಷ ದಾಟಿದರೂ ಹೆಚ್ಚಿನ ಮಾತು ಹೀಗೇ ಇದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ತೋರಿಸಿಕೊಳ್ಳಿ. ಬಂದಿದ್ದ ಮಾತು ಹೋಗಿದ್ದರೆ ಒಂದು ದಿನವೂ ತಡ ಮಾಡಬೇಡಿ. ಮೊದಲು ಕಿವಿಯ ಪರೀಕ್ಷೆ ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಊರು ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರ ಇದೆಯೇ ಎಂದು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರಕ್ಕೆ ನಮ್ಮ ದೇಶದಲ್ಲೇ ರೂಪಿಸಿದ 40 ಅಂಶಗಳ ಅಳತೆಗೋಲನ್ನು ಬಳಸುತ್ತಾರೆ.

ಇಡೀ ವಾಕ್ಯಗಳಿಂದಲೇ ಮಾತು ಕಟ್ಟಿಸುತ್ತೇವೆ ಎನ್ನುವ ಹೊಸ ಕೋರ್ಸುಗಳು ಈಗ ಇಂಟರ್‌ನೆಟ್ಟಿನಲ್ಲಿ ಬಹಳ ಓಡುತ್ತಿವೆ. ಅವುಗಳ ಹಿಂದಿನ ಕಲ್ಪನೆ ನನಗೆ ಮೆಚ್ಚಿಗೆಯೇ. ಆದರೆ ಅವು ಹೇಳುವ ಹಂತಹಂತದ ವಿಧಾನಕ್ಕೆ ಗಟ್ಟಿಯಾದ ಪರೀಕ್ಷೆಯ ಆಧಾರ ಇನ್ನೂ ಕಡಿಮೆ. ದುಬಾರಿ ಫೀಸು ಕಟ್ಟುವ ಮುಂಚೆ ಯೋಚಿಸಿ. ಆಟಿಸಂ ವಾಸಿ ಮಾಡುತ್ತೇವೆ ಎನ್ನುವವರ ಬಾಗಿಲಿಗೆ ಹೋಗಲೇಬೇಡಿ.

ಮೊದಲ ಭೇಟಿಗೆ ನೋಟ್‌ಬುಕ್ಕನ್ನೂ ಎರಡು ಮೂರು ವಿಡಿಯೊಗಳನ್ನೂ ತೆಗೆದುಕೊಂಡು ಹೋಗಿ. ಹೊಸ ಜಾಗದಲ್ಲಿ ಅರ್ಧ ಗಂಟೆಗೆ ಮಗು ತುಟಿ ಬಿಚ್ಚದಿರಬಹುದು, ಆಗ ಅದರ ಪರವಾಗಿ ಮಾತಾಡುವುದು ಈ ಪುಟಗಳೇ. ಹೊರಡುವ ಮುಂಚೆ ಥೆರಪಿಸ್ಟ್ ಹತ್ತಿರ ಒಂದು ಪ್ರಶ್ನೆ ಕೇಳಿ: ‘ಇವನು ಹೇಳಿದ್ದನ್ನೇ ತಿರುಗಿ ಹೇಳಿದಾಗ ನೀವೇನು ಮಾಡ್ತೀರಿ?’ ‘ನಿಲ್ಲಿಸ್ತೀವಿ’ ಎಂಬ ಉತ್ತರ ಬಂದರೆ ಇನ್ನೊಂದು ಕಡೆ ವಿಚಾರಿಸಿ. ಕೈ ಚಾಚಿ ನೋಟ್‌ಬುಕ್ ತೆಗೆದುಕೊಂಡರೆ, ಮುಂದಿನ ವಾರದ ಸಮಯ ಕೇಳಿಕೊಂಡು ಬನ್ನಿ.