‘ನಿನ್ನ ರಾಜ್ಯವು ಬರಲಿ’ ಎಂದು ಬೇಡುವ ಮನೆಯ ಒಂದು ವಾರ: ಕೂಲಿ, ಸಾಲ, ಜಗಳ, ಊಟ

ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನಕ್ಕೊಮ್ಮೆ ಹೇಳುವ ಮನೆಯಲ್ಲಿ ‘ನಿನ್ನ ರಾಜ್ಯವು ಬರಲಿ’ ಎಂಬ ಬೇಡಿಕೆ ವರ್ಷಕ್ಕೆ 365 ಸಲ ಬಾಯಿಗೆ ಬರುತ್ತದೆ. ಯಾವ ರಾಜ್ಯ ಎಂದು ಕೇಳಿದರೆ ಹೆಚ್ಚಿನವರು ಸತ್ತ ಮೇಲೆ ಸೇರುವ ಪರಲೋಕವನ್ನು ತೋರಿಸುತ್ತಾರೆ. ಪ್ರಾರ್ಥನೆ ಕೇಳುತ್ತಿರುವುದು ಬೇರೆ. ನಾವು ಅಲ್ಲಿಗೆ ಹೋಗಲಿ ಎಂದಲ್ಲ, ಅದು ಇಲ್ಲಿಗೆ ಬರಲಿ ಎಂದು. ಬೈಬಲಿನ ಮತ್ತಾಯ 6:10ರ ಮುಂದಿನ ಮಾತು ಅದನ್ನೇ ಬಿಡಿಸುತ್ತದೆ: ದೇವರ ಚಿತ್ತ ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲಿಯೂ ನೆರವೇರಲಿ.

ದೇವರ ರಾಜ್ಯವೆಂದರೆ ದೇವರ ಆಳಿಕೆ. ಯಾರ ಮಾತು ಕೊನೆಯ ಮಾತು ಎಂಬ ಪ್ರಶ್ನೆಗೆ ಆತನ ಹೆಸರೇ ಉತ್ತರವಾಗಿರುವ ಕಡೆ ಅದು ಬಂದಿದೆ. ಯೇಸು ತನ್ನ ಸೇವೆಯನ್ನು ಆರಂಭಿಸಿದ್ದು ದೇವರ ರಾಜ್ಯ ಸಮೀಪಿಸಿತು ಎಂದು ಸಾರುತ್ತಾ (ಮಾರ್ಕ 1:15). ಅದೇ ಯೇಸು ಇನ್ನೂ ಬರಲಿ ಎಂದು ಬೇಡಲು ಕಲಿಸಿದ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಬಂದಿದೆ ಎಂಬುದನ್ನು ಬಿಟ್ಟವರು ಕೈಕಟ್ಟಿ ಕಾಯುತ್ತಾರೆ. ಬರಬೇಕಾಗಿದೆ ಎಂಬುದನ್ನು ಬಿಟ್ಟವರು ಎಲ್ಲವನ್ನೂ ತಾವೇ ಕಟ್ಟಲು ಹೋಗಿ ಎರಡು ವರ್ಷದಲ್ಲಿ ಬಳಲಿ ಕೂರುತ್ತಾರೆ. ಹೊಸ ಮನೆ, ಕಾರು, ವೀಸಾ ಸಿಕ್ಕಿದ್ದನ್ನೇ ದೇವರ ರಾಜ್ಯದ ಗುರುತೆನ್ನುವ ಬೋಧನೆಯೂ ಇದೆ. ಅದರ ಮುಂದೆ ರೋಮಾಪುರದವರಿಗೆ 14:17 ಇಟ್ಟು ನೋಡಿ: ಅಲ್ಲಿ ಹೇಳಿರುವುದು ನೀತಿ, ಸಮಾಧಾನ, ಪವಿತ್ರಾತ್ಮನಿಂದಾಗುವ ಆನಂದ.

ಇದನ್ನು ಮನೆಯಲ್ಲಿ ಬಾಳಲು ಪ್ರಾರ್ಥನೆಯಿಂದಲೇ ಶುರು ಮಾಡಿ. ಬೆಳಿಗ್ಗೆ ‘ನಿನ್ನ ರಾಜ್ಯವು ಬರಲಿ’ ಎಂಬಲ್ಲಿಗೆ ಬಂದಾಗ ಅರ್ಧ ನಿಮಿಷ ನಿಲ್ಲಿಸಿ. ಆ ದಿನದ ಒಂದೇ ಒಂದು ಜಾಗವನ್ನು ಹೆಸರು ಹಿಡಿದು ಹೇಳಿ: ಅಂಗಡಿಯ ತಕ್ಕಡಿಯಲ್ಲಿ, ಅತ್ತೆಯ ಜೊತೆ ಆಡುವ ಮಾತಿನಲ್ಲಿ, ಆಫೀಸಿನ ಬಿಲ್ಲಿನಲ್ಲಿ ನಿನ್ನ ರಾಜ್ಯವು ಬರಲಿ. ಆಮೇಲೆ ಉಳಿದದ್ದನ್ನು ಮುಂದುವರಿಸಿ. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ‘ದೇಶ ಬದಲಾಗಲಿ’ ಎಂಬಷ್ಟು ದೊಡ್ಡದನ್ನು ಆರಿಸುವುದು. ಸಂಜೆಗೆ ಅದನ್ನು ಪರೀಕ್ಷಿಸಲು ಆಗುವುದಿಲ್ಲ. ಇನ್ನೊಂದು, ಗಂಡ ಹೆಂಡತಿಯ ಜಾಗವನ್ನು, ಹೆಂಡತಿ ಗಂಡನ ಜಾಗವನ್ನು ಆರಿಸುವುದು. ಆಗ ಪ್ರಾರ್ಥನೆಯೇ ಇನ್ನೊಬ್ಬರ ಮೇಲಿನ ದೂರು ಆಗಿಬಿಡುತ್ತದೆ. ತಂತಮ್ಮ ಜಾಗವನ್ನು ತಾವೇ ಹೇಳಬೇಕು.

ಮೊದಲು ನೋಡಬೇಕಾದದ್ದು ಕೂಲಿ. ಮನೆಗೆಲಸದವರು, ತೋಟದ ಆಳುಗಳು, ಗಾರೆ ಕೆಲಸದವರು, ಡ್ರೈವರ್ ಯಾರೇ ಇರಲಿ, ಕೊಡಬೇಕಾದ ಹಣ ಎಷ್ಟು, ಯಾವ ದಿನ ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಧರ್ಮೋಪದೇಶಕಾಂಡ 24:15 ದಿನಗೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮೊದಲು ಕೊಡಲು ಹೇಳುತ್ತದೆ. ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ ಎಂಬ ಕಾರಣವನ್ನೂ ಕೊಡುತ್ತದೆ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತಾನೆ ಯಾಕೋಬ (5:4). ‘ಚಿಲ್ಲರೆ ಇಲ್ಲ, ನಾಳೆ ಬಾ’ ಎಂಬ ಮಾತು ಮನೆಯಿಂದ ಹೋಗಬೇಕಾದರೆ ಹಿಂದಿನ ದಿನವೇ ಹಣ ತೆಗೆದಿಡಬೇಕು. ಮನೆಗೆಲಸದವರಿಗೆ ವಾರಕ್ಕೊಂದು ರಜೆ, ಜ್ವರ ಬಂದ ದಿನದ ಸಂಬಳ ಕಡಿತವಿಲ್ಲ, ನಾವು ಕುಡಿಯುವ ಲೋಟದಲ್ಲೇ ಕಾಫಿ: ಈ ಮೂರೂ ಇಲ್ಲದೆ ಅಡುಗೆಮನೆಯ ಗೋಡೆಗೆ ವಚನ ಬರೆದು ತೂಗುಹಾಕಿ ಪ್ರಯೋಜನವಿಲ್ಲ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ (ಮತ್ತಾಯ 20), ಯಜಮಾನ ಸಂಜೆ ಐದಕ್ಕೆ ಬಂದವನಿಗೂ ಇಡೀ ದಿನದ ಕೂಲಿ ಕೊಟ್ಟ. ಅವನ ಮನೆಯ ಒಲೆಗೂ ಇಡೀ ದಿನದ ಅಕ್ಕಿಯೇ ಬೇಕಲ್ಲ.

ಸಾಲದ ವಿಷಯ ಇನ್ನೂ ಕಷ್ಟ. ಮತ್ತಾಯ 18ರ ಸಾಮ್ಯದ ಲೆಕ್ಕವನ್ನು ಮನೆಯವರೆಲ್ಲ ಕೂತು ಒಮ್ಮೆ ಮಾಡಿ ನೋಡಿ. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಬ್ಬ ಆಳು ತನ್ನ ಅರಸನಿಗೆ ಕೊಡಬೇಕಾಗಿದ್ದ ಹತ್ತು ಸಾವಿರ ತಲಾಂತು ಎಂದರೆ ಆರು ಕೋಟಿ ದಿನಗಳ ಕೂಲಿ. ಯಾವ ಆಳೂ ತೀರಿಸಲಾರದ ಸಾಲ, ಅದನ್ನು ಅರಸ ಬಿಟ್ಟುಬಿಟ್ಟ. ಜೊತೆಯ ಆಳು ಇವನಿಗೆ ಕೊಡಬೇಕಾಗಿದ್ದು ನೂರು ದಿನಾರಿ. ಅದು ಚಿಲ್ಲರೆ ಹಣ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ದಿನಗೂಲಿ 600 ರೂಪಾಯಿ ಎಂದಿಟ್ಟುಕೊಂಡರೆ ಅದು 60,000 ರೂಪಾಯಿ. ಬಿಟ್ಟುಕೊಟ್ಟರೆ ನಿಜವಾಗಿ ನೋಯುವ ಮೊತ್ತ. ಆ ನೋವಿದೆ ಎಂದು ಒಪ್ಪಿಕೊಂಡೇ ಯೇಸು ಕ್ಷಮಿಸು ಎನ್ನುತ್ತಾನೆ.

ಆದ್ದರಿಂದ ನಿಮ್ಮಿಂದ ಕೈಸಾಲ ಪಡೆದವರ ಪಟ್ಟಿ ಮಾಡಿ, ಕೊಡಬಲ್ಲವರು ಯಾರು, ಕೊಡಲು ಆಗದವರು ಯಾರು ಎಂದು ಬೇರೆ ಮಾಡಿ. ಕೊಡಬಲ್ಲವರಿಗೆ ಕಂತು ಗೊತ್ತುಮಾಡಿ. ನ್ಯಾಯವಾಗಿ ಕೇಳುವುದು ಪಾಪವಲ್ಲ. ಕೊಡಲು ಆಗದವರಲ್ಲಿ ಒಬ್ಬರನ್ನು ಆರಿಸಿ, ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆ, ‘ಆ ಹಣ ಇನ್ನು ಕೊಡಬೇಡಿ, ಲೆಕ್ಕ ಮುಗಿಯಿತು’ ಎಂದು ಅವರ ಮುಂದೆಯೇ ಹೇಳಿ. ಮನಸ್ಸಿನಲ್ಲೇ ಬಿಟ್ಟರೆ ಸಾಲದು, ಅವರು ಇನ್ನೂ ತಲೆ ತಪ್ಪಿಸಿಕೊಂಡೇ ಓಡಾಡುತ್ತಿರುತ್ತಾರೆ. ಆಮೇಲೆ ಅದನ್ನು ಸಭೆಯಲ್ಲಿ (ಚರ್ಚಿನಲ್ಲಿ) ಸಾಕ್ಷಿಯಾಗಿ ಹೇಳಬೇಡಿ. ಹೇಳಿದರೆ ಅವರ ಮಾನವನ್ನು ಬಡ್ಡಿಯಾಗಿ ವಸೂಲು ಮಾಡಿದಂತೆ.

ಜಗಳಕ್ಕೆ ಅದೇ ಮತ್ತಾಯ 18ನೆಯ ಅಧ್ಯಾಯದ 15ರಿಂದ 17ನೆಯ ವಚನಗಳಲ್ಲಿ ಕ್ರಮವಿದೆ. ಮೊದಲು ಅವರೊಬ್ಬರೇ ಇರುವಾಗ ಹೋಗಿ ಮಾತಾಡುವುದು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸುವುದು. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಸಭೆಯ ವಾಟ್ಸಾಪ್ ಗುಂಪಿಗೆ ಮೊದಲು, ಅಯ್ಯನವರಿಗೆ (ಸಭೆಯ ಪಾದ್ರಿಗೆ) ಆಮೇಲೆ, ಸಂಬಂಧಪಟ್ಟವರಿಗೆ ಕೊನೆಗೆ ಸುದ್ದಿ ಹೋಗುತ್ತದೆ. ತಪ್ಪು ನಮ್ಮದಾದರೆ ಮತ್ತಾಯ 5:23-24ರಂತೆ ಕಾಣಿಕೆಯನ್ನು ಅಲ್ಲೇ ಬಿಟ್ಟು ನಾವೇ ಹೋಗಬೇಕು, ಭಾನುವಾರದ ಮೊದಲು. ‘ನಾನು ಹೀಗೆ ಅಂದೆ, ಅದು ತಪ್ಪು, ಕ್ಷಮಿಸಿ’ ಎಂದಷ್ಟೇ ಹೇಳಿ. ‘ಆದರೆ ನೀವೂ…’ ಎಂಬುದು ಸೇರಿದರೆ ಮತ್ತೆ ಮೊದಲಿನಿಂದ ಶುರು.

ಒಂದು ಮಾತನ್ನು ಬಿಡುವ ಹಾಗಿಲ್ಲ. ಹೊಡೆತ ತಿನ್ನುತ್ತಿರುವ ಹೆಂಗಸಿಗೆ, ದೌರ್ಜನ್ಯಕ್ಕೊಳಗಾದ ಮಗುವಿಗೆ ‘ಕ್ಷಮಿಸಿ ಹೊಂದಿಕೊಂಡು ಹೋಗು’ ಎನ್ನುವುದು ದೇವರ ರಾಜ್ಯವಲ್ಲ. ಒಬ್ಬರೇ ಹೋಗಿ ಮಾತಾಡಬೇಕೆಂಬ ನಿಯಮವನ್ನೂ ಅವರ ಮೇಲೆ ಹೇರಬಾರದು. ಮೊದಲು ಅವರನ್ನು ಕ್ಷೇಮವಾದ ಜಾಗಕ್ಕೆ ಸೇರಿಸಬೇಕು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಊಟದ ಬಗ್ಗೆ ಲೂಕ 14:12-14 ನೇರವಾಗಿದೆ: ತಿರುಗಿ ಕರೆಯಲಾರದವರನ್ನು ಕರೆ. ತಿಂಗಳಿಗೊಂದು ಊಟ ಸಾಕು, ಹಬ್ಬದ ಅಡುಗೆ ಬೇಡ, ದಿನದ ಸಾರು ಅನ್ನವೇ ಇರಲಿ. ಮಂಗಳೂರಿನ ಕಡೆ ಕ್ರಿಸ್ಮಸ್ಸಿಗೆ ಕುಸ್ವಾರ್ (ಹಬ್ಬದ ಸಿಹಿತಿಂಡಿಗಳು) ಹಂಚುವ ಒಳ್ಳೆಯ ರೂಢಿ ಇದೆ. ತಟ್ಟೆ ತಿರುಗಿ ಬಾರದ ಒಂದೆರಡು ಮನೆಗಳನ್ನೂ ಆ ಪಟ್ಟಿಗೆ ಸೇರಿಸಬಹುದು. ಕರೆಯುವಾಗ ನಮ್ಮ ಜಾತಿಯವರೇ ಮತ್ತೆ ಮತ್ತೆ ಬರುತ್ತಿದ್ದಾರೆಯೇ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಕರ್ತನ ಭೋಜನದ ಆರಾಧನೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡು, ಮನೆಯ ಊಟಕ್ಕೂ ಮದುವೆ ಮಾತಿಗೂ ಜಾತಿ ಕೇಳುವ ಸಭೆ ಅರಸನ ಮಾತನ್ನು ಬಾಗಿಲಲ್ಲೇ ನಿಲ್ಲಿಸಿದೆ. ಕೊರಿಂಥದ ಸಭೆಯಲ್ಲೂ ಉಳ್ಳವರು ಮೊದಲು ಉಂಡು ಇಲ್ಲದವರನ್ನು ಹಸಿದಿರಲು ಬಿಟ್ಟರು (1 ಕೊರಿಂಥ 11:21-22), ಆ ಸಭೆಗೆ ಪತ್ರ ಬರೆದ ಪೌಲ ಅವರನ್ನು ಹೊಗಳಲಿಲ್ಲ.

ಶನಿವಾರ ರಾತ್ರಿ ಹದಿನೈದು ನಿಮಿಷ ಕೂತು ಆ ವಾರ ಹೆಸರಿಟ್ಟ ಜಾಗಗಳನ್ನು ನೋಡಿ. ಏನು ನಡೆಯಿತು, ಏನು ನಡೆಯಲಿಲ್ಲ, ಅಷ್ಟೇ. ಕಾರಣ ಹುಡುಕಿ ಒಬ್ಬರನ್ನೊಬ್ಬರು ಗದರಿಸುವ ಹೊತ್ತಲ್ಲ ಅದು. ಮಕ್ಕಳು ಅಪ್ಪ ಅಮ್ಮನ ತಪ್ಪನ್ನು ಹೇಳಿದರೆ ಬಾಯಿ ಮುಚ್ಚಿಸಬೇಡಿ. ಬದಲಾವಣೆ ಕಾಣದಿದ್ದರೆ ಮಾರ್ಕ 4:26-29 ಓದಿ: ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ, ಬೀಜ ಅವನಿಗೆ ತಿಳಿಯದ ಹಾಗೆ ಮೊಳೆಯುತ್ತದೆ. ಮನೆಯಲ್ಲೊಬ್ಬರಿಗೆ ಇದರಲ್ಲಿ ಮನಸ್ಸಿಲ್ಲದಿದ್ದರೆ ಎಳೆದು ಕೂರಿಸಬೇಡಿ. ಉಳಿದವರು ತಮ್ಮ ಜಾಗಗಳನ್ನು ಮಾತ್ರ ನೋಡಿಕೊಳ್ಳಲಿ. ನಡೆಯದೆ ಉಳಿದದ್ದನ್ನು ಸೋಮವಾರ ಬೆಳಿಗ್ಗೆಯ ಪ್ರಾರ್ಥನೆಯಲ್ಲಿ ಅದೇ ಹೆಸರಿನಿಂದ ಮತ್ತೆ ಹೇಳಿ.