ಅಚ್ಚಿಗೆ ಕೊಡುವ ಮೊದಲು ಪುಟಗಳನ್ನು 16ರಿಂದ ಭಾಗಿಸಿ
ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಹಾಸನದ ಲೇಖಕ ಮಿತ್ರರು, ಡಿ.ಟಿ.ಪಿ. (ಕಂಪ್ಯೂಟರಿನಲ್ಲಿ ಪುಟಗಳ ಜೋಡಣೆ) ಮುಗಿದೊಡನೆ ಮುಖಪುಟ ಬಿಟ್ಟು ಒಟ್ಟು ಪುಟಗಳನ್ನು 16ರಿಂದ ಭಾಗಿಸಿ, ಶೇಷ ಉಳಿಯದಂತೆ ಹೊಂದಿಸಿಕೊಂಡ ಮೇಲೆಯೇ ಮುದ್ರಣಾಲಯಕ್ಕೆ ಕೊಡಿ. ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಡೆಮಿ 1/8 ಅಳತೆಯ (ಕಥೆ, ಕಾದಂಬರಿಗಳ ಸಾಮಾನ್ಯ ಅಳತೆ) ಪುಸ್ತಕ ಸಾಮಾನ್ಯವಾಗಿ 16 ಪುಟಗಳ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಂತೆ) ಲೆಕ್ಕದಲ್ಲಿ ಅಚ್ಚಾಗುವುದರಿಂದ, 99 ಪುಟಗಳ ಕಥಾಸಂಕಲನದಲ್ಲಿ ಆರು ಫಾರಂ ಮುಗಿದ ಮೇಲೆ ಉಳಿಯುವ ಮೂರೇ ಪುಟಗಳಿಗಾಗಿ ಪ್ಲೇಟು, ಕಾಗದ, ಮಡಿಕೆಯ ಖರ್ಚು ಮತ್ತೆ ಬೀಳುತ್ತದೆ. ಇದಕ್ಕಾಗಿ ಅಕ್ಷರದ ಗಾತ್ರವನ್ನು ಮಾತ್ರ ದಯವಿಟ್ಟು ಕುಗ್ಗಿಸಬೇಡಿ, ವಯಸ್ಸಾದ ಓದುಗರಿಗೆ ಅದು ನಿಜವಾದ ಹಿಂಸೆ. ಕಥೆಯ ಕೊನೆಗೆ ಎರಡೇ ಸಾಲು ಹೊತ್ತು ಖಾಲಿ ಬಿದ್ದಿರುವ ಪುಟಗಳನ್ನು ಹಿಂದಿನ ಪುಟಕ್ಕೆ ಸೇರಿಸಿದರೆ ಸಾಕಾಗುತ್ತದೆ. ಪುಟಗಳೇ ಮಿಕ್ಕರೆ ಪ್ರತಿ ತರಿಸಿಕೊಳ್ಳುವ ವಿವರವನ್ನೂ ಕ್ಯೂಆರ್ ಕೋಡನ್ನೂ ಅಲ್ಲಿ ಹಾಕಬಹುದು. ಐವತ್ತು, ನೂರು ಪ್ರತಿಗಳ ಡಿಜಿಟಲ್ ಮುದ್ರಣಕ್ಕೆ ಸಾಮಾನ್ಯವಾಗಿ ಪುಟಕ್ಕಿಷ್ಟು ಎಂದೇ ದರವಿರುವುದರಿಂದ ಈ ಲೆಕ್ಕ ಅಲ್ಲಿ ಅನ್ವಯಿಸದು.